ತಂಬಿಗೆಯ ಕೆಳಗಿನ ಹಳದಿ

ಇಟಲಿಯಲ್ಲಿ ಒಬ್ಬ ಚಿತ್ರಕಾರನಿದ್ದ. ಅವನ ಹೆಸರು ನನಗೆ ಚೆನ್ನಾಗಿ ಗೊತ್ತು, ಆದರೂ ಇಲ್ಲಿ ಬರೆಯುವುದಿಲ್ಲ. ಬರೆದರೆ, ನಾನು ಮಾಡಿದ್ದಕ್ಕೆ ಅವನನ್ನು ಸಾಕ್ಷಿಗೆ ಎಳೆದಂತಾಗುತ್ತದೆ. ಸತ್ತು ಎಷ್ಟೋ ವರ್ಷವಾದ ಮನುಷ್ಯ. ಹಗರಿಬೊಮ್ಮನಹಳ್ಳಿ ಎಂಬುದೊಂದು ಊರಿದೆ ಅಂತಲೂ ಅವನಿಗೆ ಗೊತ್ತಿರಲಿಲ್ಲ. ಅವನ ಪಾಡಿಗೆ ಅವನಿರಲಿ.

ಅವನ ಮೇಲಿನ ಪುಸ್ತಕ ನನಗೆ ಸಿಕ್ಕಿದ್ದು ದಾವಣಗೆರೆಯಲ್ಲಿ, ಚಿತ್ರಕಲೆ ಕಲಿಯುತ್ತಿದ್ದಾಗ. ರಟ್ಟು ಕಿತ್ತುಹೋಗಿ, ಮೊದಲ ನಾಲ್ಕು ಹಾಳೆಗಳನ್ನು ಗೆದ್ದಲು ತಿಂದಿದ್ದ ಇಂಗ್ಲಿಷ್ ಪುಸ್ತಕ. ನಮ್ಮ ಗುರುಗಳು, "ತಗಳಪ್ಪ, ಇಲ್ಲಿ ಯಾರೂ ಇದನ್ನ ತೆಗೆದು ನೋಡಲ್ಲ" ಎಂದು ಕೊಟ್ಟಿದ್ದರು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಂದು ಬೇಸಿಗೆಯೆಲ್ಲ ಓದಿದೆ. ಅಷ್ಟು ಶ್ರದ್ಧೆಯಿಂದ ನಾನು ಪರೀಕ್ಷೆಗೂ ಓದಿದವನಲ್ಲ.

ಅವನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಹುಟ್ಟಿದ ಊರಲ್ಲೇ ಇದ್ದ, ಅಲ್ಲೇ ಸತ್ತ. ಅವನ ಕಾಲದ ಚಿತ್ರಕಾರರೆಲ್ಲ ಪ್ಯಾರಿಸ್ಸು ಪ್ಯಾರಿಸ್ಸು ಅಂತ ಓಡುತ್ತಿದ್ದರೆ ಇವನು ಮನೆ ಬಿಟ್ಟು ಅಲುಗಲಿಲ್ಲ. ಮದುವೆಯಾಗಲಿಲ್ಲ. ತಾಯಿ ಮತ್ತು ಮೂವರು ತಂಗಿಯರ ಜೊತೆ ಒಂದೇ ಮನೆಯಲ್ಲಿ ಆಯುಷ್ಯ ಕಳೆದ. ಮಲಗುವ ಕೋಣೆಯೇ ಚಿತ್ರ ಬರೆಯುವ ಕೋಣೆ. ಅಲ್ಲಿಗೆ ಹೋಗಬೇಕಾದರೆ ತಂಗಿಯರ ಕೋಣೆ ಹಾದು ಹೋಗಬೇಕಿತ್ತಂತೆ. ನನ್ನ ಎದೆಗೆ ತಾಗಿದ್ದು ಇನ್ನೊಂದು ಸಂಗತಿ. ಅವನು ಎಷ್ಟೋ ವರ್ಷ ಪ್ರಾಥಮಿಕ ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ.

ಆಮೇಲೆ ನಾನೂ ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾದೆ. ಡ್ರಾಯಿಂಗ್ ಮೇಷ್ಟ್ರು ಎಂದರೆ ಏನೆಂದು ಆ ಕಾಲದಲ್ಲಿ ಆ ಕೆಲಸ ಮಾಡಿದವರಿಗೆ ಹೇಳಬೇಕಾಗಿಲ್ಲ. ನಮ್ಮ ಪಿರಿಯಡ್ಡು ಗಣಿತದವರಿಗೆ ಸಾಲ ಕೊಡಲಿಕ್ಕೆ ಇರುವುದು. ಯಾರು ರಜೆ ಹಾಕಿದರೂ ಅವರ ಕ್ಲಾಸಿಗೆ ನಾವು. ಮಂತ್ರಿ ಬಂದರೆ ಸ್ವಾಗತದ ಬಟ್ಟೆ ನಾವು, ಹೆಡ್‌ಮಾಸ್ಟರ ಮಗಳ ಮದುವೆಗೆ ಹಂದರದ ಬೋರ್ಡು ನಾವು, ಬೆಂಚು ಕುರ್ಚಿಗಳ ಮೇಲೆ ನಂಬರು ಹಾಕಲಿಕ್ಕೂ ನಾವೇ. ಸಂಜೆ ಮನೆಗೆ ಬಂದು ಕೈ ತೊಳೆದರೆ ನೀರಿಗೆ ಬೋರ್ಡಿನ ಕಪ್ಪು ಬಣ್ಣ ಬಿಡುತ್ತಿತ್ತು. ಮೂವತ್ತು ತುಂಬುವ ಹೊತ್ತಿಗೆ ನನಗೆ ಅರವತ್ತರ ದಣಿವಿತ್ತು. ಆಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪುಸ್ತಕ. ಅವನೂ ನನ್ನ ಹಾಗೇ ಅಲ್ಲವೇ, ಅಂದುಕೊಳ್ಳುತ್ತಿದ್ದೆ.

ಮನೆಯಲ್ಲಿ ನಾನು ಮತ್ತು ಅಕ್ಕ, ಇಬ್ಬರೇ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು, ನಾನು ಚಿಕ್ಕವನಿದ್ದಾಗಲೇ ಹೋದ. ಅವ್ವ ಆಮೇಲೆ ಹೆಚ್ಚು ದಿನ ಇರಲಿಲ್ಲ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಹತ್ತೊಂಬತ್ತಕ್ಕೇ ಪ್ರಾಥಮಿಕ ಶಾಲೆಯ ಟೀಚರ್ ಕೆಲಸ ಹಿಡಿದು, ನನ್ನನ್ನು ದಾವಣಗೆರೆಗೆ ಕಳಿಸಿ ಓದಿಸಿದವಳು ಅವಳೇ. ಬಂದ ವರಗಳನ್ನೆಲ್ಲ, "ತಮ್ಮಂದು ಒಂದು ದಡ ಮುಟ್ಲಿ" ಎಂದು ತಿರುಗಿಸಿ ಕಳಿಸಿದಳು. ತಮ್ಮ ದಡ ಮುಟ್ಟಿದಾಗ ವರಗಳು ಬರುವುದು ನಿಂತಿತ್ತು.

ನಮ್ಮದು ಬಾಡಿಗೆ ಮನೆ. ಪಡಸಾಲೆ, ಅಡಿಗೆಮನೆ, ಪೂರ್ವಕ್ಕೆ ಕಿಟಕಿ ಇದ್ದ ಒಂದು ಪಕ್ಕದ ಕೋಣೆ. ಬೆಳಕಿದ್ದ ಕೋಣೆಯನ್ನು ನಾನು ತಗೊಂಡೆ. ಅಕ್ಕ ಪಡಸಾಲೆಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದಳು. ಹೀಗೆ ಹಂಚಿಕೊಳ್ಳೋಣ ಅಂತ ಯಾರೂ ಕೂತು ಮಾತಾಡಲಿಲ್ಲ, ಅದು ಹಾಗೇ ಆಯಿತು.

ಆ ಇಟಲಿಯವನು ಬರೆದದ್ದು ಶೀಸೆಗಳನ್ನು. ಶೀಸೆ, ಡಬ್ಬಿ, ಜಾಡಿ, ಹೂಜಿ. ಐವತ್ತು ವರ್ಷ ಅವೇ ಹತ್ತಿಪ್ಪತ್ತು ಸಾಮಾನುಗಳನ್ನು ಅತ್ತಿತ್ತ ಸರಿಸಿ ಸರಿಸಿ ಬರೆದ. ಬಣ್ಣಗಳೆಂದರೆ ಬೂದಿ, ಮಣ್ಣು, ಹಳೆಯ ಸುಣ್ಣ, ಒಣಗಿದ ಹುಲ್ಲು, ಅಷ್ಟೇ. ಗಾಜು ಹೊಳೆಯಬಾರದೆಂದು ಶೀಸೆಗಳಿಗೇ ಬಣ್ಣ ಬಳಿಯುತ್ತಿದ್ದ. ಸಾಮಾನಿನ ಮೇಲೆ ಧೂಳು ಕೂತರೆ ಒರೆಸಲು ಬಿಡುತ್ತಿರಲಿಲ್ಲ. ಮೇಜಿನ ಮೇಲೆ ಕಾಗದ ಹಾಸಿ, ಪ್ರತಿಯೊಂದು ಎಲ್ಲಿ ನಿಂತಿದೆಯೆಂದು ಗೆರೆ ಎಳೆದಿಟ್ಟುಕೊಳ್ಳುತ್ತಿದ್ದ. ಅವನ ಚಿತ್ರದ ಶೀಸೆಗಳು ಬಸ್ಸಿಗೆ ಕಾಯುವ ಜನರ ಹಾಗೆ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಮೊದಲು ನೋಡಿದಾಗ ಇದರಲ್ಲಿ ಏನಿದೆ ಅನಿಸುತ್ತದೆ. ನಾಲ್ಕನೇ ಸಲಕ್ಕೆ ಕಣ್ಣು ಕೀಳಲಾಗುವುದಿಲ್ಲ.

ನಾನೂ ಮೇಜು ಹಾಕಿದೆ. ಕಾಗದ ಹಾಸಿ ಗೆರೆ ಎಳೆದೆ. ಔಡಲೆಣ್ಣೆ ಶೀಸೆ, ಮಸಿ ದೌತಿ, ಹಾಲಿನ ಪುಡಿಯ ಖಾಲಿ ಡಬ್ಬಿ, ಉಪ್ಪಿನಕಾಯಿ ಜಾಡಿ, ಇವೆಲ್ಲದರ ನಡುವೆ ಅವ್ವನ ಕಾಲದ ಹಿತ್ತಾಳೆ ತಂಬಿಗೆ. ಶೀಸೆ ಜಾಡಿಗಳಿಗೆ ತೆಳ್ಳಗೆ ಸುಣ್ಣ ಹಚ್ಚಿದೆ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು.

"ಜಾಡಿಗೆ ಸುಣ್ಣ ಹೊಡ್ದಿ. ಈ ಸಲ ಉಪ್ಪಿನಕಾಯಿ ನಿನ್ನ ಬೊಗಸ್ಯಾಗ ಹಾಕ್ಲೇನು?" ಅಂದಳು. "ಅವ್ವನ ತಂಬಿಗಿ ಒಂದಾರ ಬಿಡೋ. ಅದ್ರಾಗ ನೀರು ಕುಡುದ್ರನ ನಂಗ ನೀರು ಕುಡುದಂಗ ಆಗೋದು."

"ಅದನ್ನ ಮುಟ್ಬ್ಯಾಡ. ಈ ಕೋಣಿಗೆ ಕಸಬರಗಿ ತರಬ್ಯಾಡ," ಎಂದೆ. ಧೂಳು ಬೇಕಾಗಿತ್ತಲ್ಲ. ಧೂಳಿಗೆ ನಮ್ಮ ಊರಲ್ಲಿ ಬರವಿಲ್ಲ. ಶೇಂಗಾ ತುಂಬಿದ ನಾಲ್ಕು ಲಾರಿ ಬೀದಿಯಲ್ಲಿ ಹೋದರೆ ಸಾಕು, ಇಟಲಿಯಲ್ಲಿ ವರ್ಷಕ್ಕೆ ಕೂಡುವಷ್ಟು ನಮ್ಮಲ್ಲಿ ವಾರಕ್ಕೇ ಕೂಡುತ್ತಿತ್ತು.

ಅಕ್ಕ ಅಂದಿನಿಂದ ಆ ಕೋಣೆಗೆ ಕಾಲಿಡಲಿಲ್ಲ. ಹೊಸ್ತಿಲ ತನಕ ಕಸ ಗುಡಿಸಿ ನಿಲ್ಲಿಸುವಳು, ಚಹಾದ ಲೋಟ ಹೊಸ್ತಿಲ ಮೇಲೆ ಇಟ್ಟು ಹೋಗುವಳು. ಒಂದು ದಿನ ನಾನು ಊಟಕ್ಕೆ ಕೂತಾಗ ಆ ಚಿತ್ರಕಾರನ ಕಥೆಯನ್ನೆಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುತ್ತ ಕೇಳಿದಳು.

"ಅವ್ನ ತಂಗೇರು ಮೂರೂ ಮಂದಿ ಯಾಕ ಲಗ್ನ ಆಗ್ಲಿಲ್ಲ?"

"ಪುಸ್ತಕದಾಗ ಬರ್ದಿಲ್ಲ."

"ಬಾಟ್ಲಿ ಎಷ್ಟಿದ್ವು ಅಂತ ಬರ್ದಾರ, ಅದನ್ನ ಬರ್ದಿಲ್ಲೇನು?" ಎಂದು ನಕ್ಕು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಆ ವರ್ಷ ಅವಳಿಗೆ ಹರಪನಹಳ್ಳಿಯಲ್ಲಿ ಹತ್ತು ದಿನದ ಶಿಕ್ಷಕರ ತರಬೇತಿ ಇತ್ತು. ಮುಗಿಸಿ ಬಂದವಳ ಮುಖದಲ್ಲಿ ಏನೋ ಒಂದು ಕಳೆ ಇತ್ತು. ಚಿತ್ರ ಬರೆಯುವವನು ನಾನು, ಮುಖ ನೋಡಬೇಕಾದವನು. ಬಿಸಿಲಿಗೆ ಕೆಂಪಾಗಿದ್ದಾಳೆ ಅಂದುಕೊಂಡೆ.

ತಿಂಗಳೊಳಗೆ ಹೈಸ್ಕೂಲಿಗೆ ಬಂದ ಪೋಸ್ಟ್‌ಮನ್ ನನ್ನ ಹೆಸರಿನ ಒಂದು ಲಕೋಟೆ ಕೊಟ್ಟ. ಒಡೆದೆ. ಒಳಗಿನ ಹಾಳೆಯ ನಾಲ್ಕೂ ಮೂಲೆಗೆ ಅರಿಶಿಣ ಹಚ್ಚಿತ್ತು. ನಮ್ಮ ಕಡೆ ಹೆಣ್ಣು ಕೇಳುವ ಕಾಗದಕ್ಕೆ, ಲಗ್ನದ ಕಾಗದಕ್ಕೆ ಹಾಗೆ ಹಚ್ಚುವುದು ರೂಢಿ. ಬರೆದವರು ಚಿಗಟೇರಿಯ ಶಾಲೆಯ ಒಬ್ಬ ಮೇಷ್ಟ್ರು. ನಮ್ಮ ಜನವೇ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿದೆ, ಮಕ್ಕಳಿಲ್ಲ, ತರಬೇತಿಯಲ್ಲಿ ನಿಮ್ಮ ಅಕ್ಕನವರ ಪರಿಚಯವಾಯಿತು, ಅವರಲ್ಲಿ ವಿಚಾರ ತಿಳಿಸಿದಾಗ 'ನನ್ನ ತಮ್ಮನಿಗೆ ಬರೀರಿ, ಅವನು ಹೂಂ ಅಂದರೆ ಆಯಿತು' ಎಂದರು, ತಾವು ಒಪ್ಪಿದರೆ ಹಿರಿಯರನ್ನು ಕರೆದುಕೊಂಡು ಬರುತ್ತೇನೆ. ದುಂಡಗಿನ ಅಕ್ಷರ, ಒಂದು ಚಿತ್ತು ಇಲ್ಲ.

ಆ ಹೊತ್ತಿನಲ್ಲಿ ನನಗೆ ಏನನಿಸಿತು ಅನ್ನುವುದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ. ಮೊದಲು ಅನಿಸಿದ್ದು, ಹಾಗಾದರೆ ನಾಳೆಯಿಂದ ರೊಟ್ಟಿ ಯಾರು ಬಡಿಯುತ್ತಾರೆ. ಎರಡನೆಯದು, ಚಹಾ ಯಾರು ಇಡುತ್ತಾರೆ. ಅಕ್ಕನಿಗೆ ಒಂದು ಮನೆಯಾಗುತ್ತದೆ ಅನ್ನುವುದು ಮೂರನೆಯದೋ ನಾಲ್ಕನೆಯದೋ ಆಗಿ ಬಂತು, ಅಷ್ಟರಲ್ಲಿ ನನಗೆ ಸುಸ್ತಾಗಿತ್ತು. ಭಾನುವಾರ ಉತ್ತರ ಬರೆಯೋಣ ಎಂದು ಮನೆಗೆ ತಂದು, ಗಾಳಿಗೆ ಹಾರದಿರಲಿ ಎಂದು ಅವ್ವನ ತಂಬಿಗೆಯ ಕೆಳಗೆ ಇಟ್ಟೆ.

ಮರುದಿನ ಬೆಳಿಗ್ಗೆ ಎಳೆಬಿಸಿಲು ಮೇಜಿನ ಮೇಲೆ ಬಿತ್ತು. ಸುಣ್ಣ ಹಚ್ಚಿದ ಶೀಸೆಗಳು, ಧೂಳು ಕೂತ ಡಬ್ಬಿ, ಮಂಕಾದ ತಂಬಿಗೆ. ತಂಬಿಗೆಯ ಬುಡದಲ್ಲಿ ಆ ಹಾಳೆಯ ಒಂದು ಮೂಲೆ ಉಗುರಿನಷ್ಟು ಹೊರಗೆ ಇಣುಕಿತ್ತು. ಅರಿಶಿಣದ ಹಳದಿ. ಬೂದಿ ಬಣ್ಣಗಳ ನಡುವೆ ಅದೊಂದೇ ಬೆಚ್ಚಗೆ ಇತ್ತು. ನಾನು ಆರು ತಿಂಗಳಿಂದ ಹುಡುಕುತ್ತಿದ್ದ ಚಿತ್ರ ಸಿಕ್ಕಿಬಿಟ್ಟಿತು. ಕುಂಚ ತಗೊಂಡೆ. ಒಮ್ಮೆ ಶುರು ಮಾಡಿದ ಮೇಲೆ ಯಾವುದನ್ನೂ ಕದಲಿಸಬಾರದು, ಅದು ಅವನ ನಿಯಮ. ಹಾಗಾಗಿ ಕಾಗದವನ್ನೂ ಕದಲಿಸಲಿಲ್ಲ. ಎಂಥ ಒಳ್ಳೆಯ ನೆಪ ಸಿಕ್ಕಿತ್ತು ನೋಡಿ.

ದಿನಕ್ಕೆ ಎರಡು ತಾಸಿನ ಬೆಳಕು. ಚಿತ್ರ ನಾಲ್ಕು ತಿಂಗಳು ಹಿಡಿಯಿತು. ನಮ್ಮ ಕಡೆ ಅಂಥ ಕಾಗದಕ್ಕೆ ಯಾರೂ 'ಬೇಡ' ಅಂತ ಬರೆಯುವುದಿಲ್ಲ. ಮನಸ್ಸಿಲ್ಲದಿದ್ದರೆ ಸುಮ್ಮನಿರುತ್ತಾರೆ. ಆ ಕಡೆಯವರು ಒಂದು ತಿಂಗಳು ಕಾದು, ತಾವೇ ತಿಳಿದುಕೊಂಡು ಬೇರೆ ಕಡೆ ನೋಡುತ್ತಾರೆ. ಯಾರಿಗೂ ಅವಮಾನವಾಗಬಾರದೆಂದು ಹಿರಿಯರು ಮಾಡಿಟ್ಟ ದಾರಿ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಒಂದೊಂದು ಭಾನುವಾರವನ್ನೂ ದಾಟಿಸಿದೆ.

ಒಂದು ಬೆಳಿಗ್ಗೆ ಅಕ್ಕ ಹೊಸ್ತಿಲಲ್ಲಿ ಲೋಟ ಇಟ್ಟು, ಹೋಗದೆ ನಿಂತಳು.

"ತಮ್ಮಾ, ಟಪಾಲು ಏನಾರ ಬಂದಿತ್ತೇನು ನಿನ್ನ ಹೆಸರಿಗೆ?"

"ಇಲ್ಲ," ಅಂದೆ. ಹಿಂದಿರುಗಿಯೂ ನೋಡಲಿಲ್ಲ. ಕುಂಚದ ತುದಿಯಲ್ಲಿ ಬಣ್ಣ ಇತ್ತು.

ಇನ್ನೊಂದು ಸಲ, ತಿಂಗಳು ಬಿಟ್ಟು, ಅದನ್ನೇ ಕೇಳಿದಳು. ಅದೇ ಉತ್ತರ ಕೊಟ್ಟೆ. ಮೂರನೇ ಸಲ ಕೇಳಲಿಲ್ಲ. ಆಮೇಲೆ ಒಂದು ಸಂಜೆ ಅಕ್ಕಿ ಆರಿಸುತ್ತ, ಯಾರದೋ ಸುದ್ದಿ ಹೇಳುವವಳಂತೆ, "ತರಬೇತಿಗೆ ಬಂದಿದ್ರಲ್ಲ, ಚಿಗಟೇರಿ ಮೇಷ್ಟ್ರು, ಅವ್ರ ಲಗ್ನ ಅಂತ. ಎಲ್ರಿಗೂ ಕಾರ್ಡು ಕಳ್ಸ್ಯಾರ. ಹಡಗಲಿ ಕಡೇರ ಹೆಣ್ಣು" ಅಂದಳು. ನನಗೆ ಹಗುರವಾಯಿತು. ಇನ್ನು ಉತ್ತರ ಬರೆಯುವ ಕೆಲಸ ತಪ್ಪಿತಲ್ಲ ಅನಿಸಿತು. ಅಕ್ಕ ಆರಿಸಿದ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಆರಿಸತೊಡಗಿದಳು.

ಚಿತ್ರ ಮುಗಿದ ಮೇಲೂ ಮೇಜು ತೆಗೆಯಲಿಲ್ಲ. ಅದೇ ಜೋಡಣೆಯನ್ನು ಇನ್ನೊಮ್ಮೆ ಬರೆಯುತ್ತೇನೆ ಅಂತ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಆ ಹಾಳೆಯನ್ನು ಮತ್ತೆ ಕೈಯಲ್ಲಿ ಹಿಡಿಯಲು ನನಗೆ ಧೈರ್ಯವಿರಲಿಲ್ಲ. ಚಿತ್ರವನ್ನು ದಾವಣಗೆರೆಯ ಗುರುಗಳಿಗೆ ತೋರಿಸಿದೆ. ಅವರು ಹತ್ತಿರದಿಂದ ಒಮ್ಮೆ, ದೂರದಿಂದ ಒಮ್ಮೆ ನೋಡಿ, ಅಲ್ಲೇ ನಡೆಯಲಿದ್ದ ಒಂದು ಪ್ರದರ್ಶನದಲ್ಲಿ ಇಡಿಸಿದರು. ಜೀವನದಲ್ಲಿ ನನ್ನ ಚಿತ್ರ ಗೋಡೆಗೆ ಏರಿದ್ದು ಅದೇ ಮೊದಲು. ಅಕ್ಕನಿಗೆ ಹೇಳಿದಾಗ ಅವಳು ಒಂದು ದಿನ ರಜೆ ಹಾಕಿ, ಟ್ರಂಕಿನಿಂದ ಒಳ್ಳೆಯ ಸೀರೆ ತೆಗೆದು ಉಟ್ಟಳು. "ವರ್ಷಗಟ್ಲೆ ಹೊಸ್ತಿಲದಾಗ ನಿಂತು ಚಾ ಕೊಟ್ಟೀನಿ, ಏನು ಬರ್ದಿ ಅಂತ ನೋಡ್ಬ್ಯಾಡೇನು?" ಅಂದಳು.

ಬಸ್ಸು ಕೊಟ್ಟೂರು ದಾಟಿ ಹರಪನಹಳ್ಳಿ ಸ್ಟ್ಯಾಂಡಿನಲ್ಲಿ ನಿಂತಿತು. ನಾವು ಕೆಳಗಿಳಿದು ಸೋಡಾ ಕುಡಿಯುತ್ತಿದ್ದಾಗ, ಬಿಳಿ ಅಂಗಿ ಹಾಕಿದ, ನಡುವಯಸ್ಸಿನ ಒಬ್ಬರು ಜನರ ನಡುವಿನಿಂದ ಬಂದು ಅಕ್ಕನಿಗೆ ಕೈ ಮುಗಿದರು. "ಆರಾಮ ಅದೀರೇನ್ರಿ?" ಅಂದರು. ಅಕ್ಕ ಕೈ ಎತ್ತಲಿಲ್ಲ. ಸೆರಗು ಸರಿಮಾಡಿಕೊಂಡು, ಸುತ್ತ ನಾಲ್ಕು ಜನ ನೋಡುತ್ತಿರುವಾಗಲೇ ಮುಖ ಆ ಕಡೆ ತಿರುಗಿಸಿದಳು. ಅವರು ಸ್ವಲ್ಪ ಹೊತ್ತು ಕೈ ಮುಗಿದಂತೆಯೇ ನಿಂತಿದ್ದು, ಆಮೇಲೆ ಹೊರಟುಹೋದರು.

"ಯಾರಕ್ಕ ಅವ್ರು?" ಎಂದೆ. ಕೇಳುವಾಗಲೇ ನನಗೆ ಗೊತ್ತಾಗಿತ್ತು.

"ಚಿಗಟೇರಿ ಮೇಷ್ಟ್ರು. ಮಾತು ಕೊಟ್ಟು ತಪ್ಪಿಸ್ಕಳ್ಳೋ ಮಂದಿ," ಎಂದು ಬಸ್ ಹತ್ತಿದಳು.

ಆಗ ಹೇಳಬಹುದಿತ್ತು. ದಾವಣಗೆರೆ ಇನ್ನೂ ದೂರವಿತ್ತು, ಪಕ್ಕದಲ್ಲೇ ಕೂತಿದ್ದಳು. ನಾನು ಕಣ್ಣು ಮುಚ್ಚಿ ನಿದ್ದೆ ಬಂದವನ ಹಾಗೆ ಕೂತೆ.

ಪ್ರದರ್ಶನದ ಹಾಲಿನಲ್ಲಿ ಗುರುಗಳೇ ಅವಳನ್ನು ಚಿತ್ರದ ಮುಂದೆ ಕರೆದುಕೊಂಡು ಹೋದರು. "ನೋಡಮ್ಮ, ನಿನ್ನ ತಮ್ಮ ಇಡೀ ಚಿತ್ರ ಬೂದಿ ಮಾಡಿ ಇಲ್ಲೊಂದು ಹಳದಿ ಇಟ್ಟಿದಾನೆ. ಈ ಹಳದಿ ಇಲ್ದಿದ್ರೆ ಚಿತ್ರ ಸತ್ತೇ ಹೋಗಿರೋದು." ಅಕ್ಕ ಮೊದಲು ತಂಬಿಗೆಯ ಗುರುತು ಹಿಡಿದು ನಕ್ಕಳು. ಆಮೇಲೆ ಬಗ್ಗಿ ಆ ಹಳದಿಯನ್ನು ನೋಡಿದಳು. ಕಾಗದದ ಮೂಲೆ, ಮೂಲೆಗೆ ಬೆರಳಿನಿಂದ ಒತ್ತಿದ ಬಣ್ಣ. ನಾನು ಕಂಡದ್ದನ್ನು ಕಂಡ ಹಾಗೇ ಬರೆದಿದ್ದೆ, ಕೈ ಮಾತ್ರ ಸುಳ್ಳು ಹೇಳಿರಲಿಲ್ಲ.

"ಇದು ಅರಿಶಿಣ," ಅಂದಳು ಅಕ್ಕ. ಗುರುಗಳು, "ಬಣ್ಣ ಕಣಮ್ಮ" ಎಂದರು. ಅವಳು ತಲೆಯಾಡಿಸಿದಳು.

ಹಿಂದಿರುಗುವ ಬಸ್ಸಿನಲ್ಲಿ ಅರ್ಧ ದಾರಿಗೆ ಕೇಳಿದಳು. "ಯಾರ ಕಾಗದ ಅದು?"

ನಾನು ಹೇಳಿದೆ. ಯಾವಾಗ ಬಂತು, ಎಲ್ಲಿ ಇಟ್ಟೆ, ಎಲ್ಲ ಹೇಳಿದೆ. ಬಸ್ಸಿನ ಸದ್ದಿಗೆ ಎರಡೆರಡು ಸಲ ಹೇಳಬೇಕಾಯಿತು. ಹರಪನಹಳ್ಳಿ ಸ್ಟ್ಯಾಂಡು ಬಂದಾಗ ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಸ್ಸು ಬಿಡುವ ತನಕ ಆ ಜನರಲ್ಲೆಲ್ಲ ಹುಡುಕಿದಳು. ಬಿಳಿ ಅಂಗಿಯವರು ಬಹಳ ಮಂದಿ ಇದ್ದರು. ಅವರಿರಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಕೋಣೆಯೊಳಗೆ ಹೋದಳು. ತಂಬಿಗೆ ಎತ್ತಿದಳು. ಅದು ಇದ್ದಲ್ಲಿ ಧೂಳಿಲ್ಲದ ಒಂದು ದುಂಡು ಗುರುತು ಉಳಿಯಿತು. ಕಿಟಕಿಯ ಹತ್ತಿರ ನಿಂತು ಕಾಗದ ಓದಿದಳು, ಮತ್ತೊಮ್ಮೆ ಓದಿದಳು.

"ಅವ್ರು ಬರ್ದಿದ್ರು," ಅಂದಳು. ಆಮೇಲೆ ಕಾಗದವನ್ನು ಮೊದಲಿದ್ದ ಮಡಿಕೆಗೇ ಮಡಿಸಿದಳು. "ನಂಗ ಲಗ್ನ ಆಗ್ಲಿಲ್ಲ ಅಂತಲ್ಲೋ. ಅದನ್ನ ಯಾವತ್ತೋ ಬಿಟ್ಟಿದ್ದೆ. ಅಂವ ಸುಳ್ಳ ಅಂದ್ಕಂಡು ದಿನಾ ಬೈದೀನಿ. ಇವತ್ತು ಅಷ್ಟು ಮಂದ್ಯಾಗ ಕೈ ಮುಗುದ್ರ ಮುಖ ತಿರಿವಿದ್ನಲ್ಲೋ. ಖರೇ ಮನಷ್ಯಾಗ ಹಂಗ ಮಾಡಿಸಿಬಿಟ್ಟೆಲ್ಲೋ ನನ್ನ ಕೈಲಿ."

ನಾನು ಅತ್ತೆ. ಕಾಲು ಹಿಡಿಯಲು ಹೋದೆ, ಅವಳು ಹಿಂದೆ ಸರಿದಳು. ಹಿತ್ತಲಿಗೆ ಹೋಗಿ ಹುಣಸೆಹಣ್ಣು ಹಚ್ಚಿ ತಂಬಿಗೆಯನ್ನು ಫಳಫಳ ಆಗುವ ತನಕ ತಿಕ್ಕಿದಳು. ತಿಕ್ಕಿ ಬಂದು ನನ್ನ ಮುಂದೆ ಒಂದು ಇನ್‌ಲ್ಯಾಂಡ್ ಲೆಟರ್ ಇಟ್ಟಳು.

"ಬರಿ."

"ಏನಂತ ಬರೀಲಿ? ಅವ್ರದು ಲಗ್ನ ಆಗೇತಿ."

"ಕಾಗದ ಮುಟ್ಟಿತ್ತು ಅಂತ ಬರಿ. ನಿನ್ನ ಹತ್ರನ ಇತ್ತು ಅಂತ ಬರಿ. ಅಕ್ಕಗ ಇವತ್ತೇ ಗೊತ್ತಾಗೈತಿ ಅಂತ ಬರಿ. ಇನ್ನೇನೂ ಬ್ಯಾಡ."

ಮೂರು ಸಾಲು. ಅದನ್ನು ಬರೆಯಲು ನನಗೆ ಚಿತ್ರಕ್ಕೆ ಹಿಡಿದಷ್ಟೇ ಹೊತ್ತು ಹಿಡಿದಂತೆ ಅನಿಸಿತು. ಅವಳು ಓದಿ ನೋಡಿ, ಅಂಟಿಸಿ, ತಾನೇ ಹೋಗಿ ಟಪಾಲು ಡಬ್ಬಿಗೆ ಹಾಕಿ ಬಂದಳು.

ಹತ್ತು ದಿನದ ಮೇಲೆ ಒಂದು ಕಾರ್ಡು ಬಂತು, ಅಕ್ಕನ ಹೆಸರಿಗೆ. ದುಂಡಗಿನ ಅದೇ ಅಕ್ಷರ, ಅರಿಶಿಣವಿಲ್ಲ. ಅವಳು ಬಾಗಿಲಲ್ಲೇ ನಿಂತು ಓದಿ ಟ್ರಂಕಿನಲ್ಲಿ ಇಟ್ಟಳು. ಏನು ಬರೆದಿತ್ತೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಆ ಸಂಜೆ ಮಾತ್ರ ತಂಬಿಗೆಯಲ್ಲಿ ನೀರು ತುಂಬಿ, ಕಟ್ಟೆಯ ಮೇಲೆ ಕೂತು ನಿಧಾನವಾಗಿ ಕುಡಿದಳು.

ನಾನು ಆಮೇಲೆ ಶೀಸೆಗಳನ್ನು ಬರೆಯಲಿಲ್ಲ. ಹಾಗಂತ ದೊಡ್ಡ ಶಪಥವೇನೂ ಮಾಡಿದವನಲ್ಲ, ಕೈ ಹೋಗಲಿಲ್ಲ ಅಷ್ಟೇ. ಬೆಳಕಿನ ಕೋಣೆಯನ್ನು ಅಕ್ಕನಿಗೆ ಬಿಟ್ಟುಕೊಟ್ಟೆ. "ಈಗ್ಯಾಕೋ" ಅಂದಳು, ಆದರೂ ಚಾಪೆ ಅಲ್ಲಿಗೆ ಒಯ್ದಳು. ಚಿತ್ರ ಸುಟ್ಟುಬಿಡುತ್ತೇನೆಂದಾಗ ಬೇಡವೆಂದು ಕಸಿದುಕೊಂಡು ಅಟ್ಟದ ಮೇಲೆ ಇಟ್ಟಳು. ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿ ಆ ಮೂವರು ತಂಗಿಯರು ಎಲ್ಲೋ ಒಂದು ಸಾಲಿನಲ್ಲಿ ಬಂದು ಹೋಗುತ್ತಾರೆ. ಅವರ ಮನೆಯಲ್ಲಿ ಇಂಥದ್ದು ಏನೂ ನಡೆದಿರಲಿಕ್ಕಿಲ್ಲ. ಅವರಿಗೇ ಮದುವೆ ಬೇಡವಾಗಿದ್ದಿರಬಹುದು, ಅಣ್ಣನ ಜೊತೆ ಸುಖವಾಗಿಯೇ ಇದ್ದಿರಬಹುದು. ಅಷ್ಟಾದರೂ ಆ ಸಾಲು ಬಂದಾಗ ನಾನು ಹಾಳೆ ತಿರುವಿಬಿಡುತ್ತೇನೆ.

ಅಕ್ಕ ನನ್ನ ಜೊತೆಯೇ ಇದ್ದಾಳೆ. ರೊಟ್ಟಿ ಬಡಿಯುತ್ತಾಳೆ, ಚಹಾ ಕೊಡುತ್ತಾಳೆ, ನಗುತ್ತಾಳೆ ಕೂಡ. ಆದರೆ ಅಂದಿನಿಂದ ಇಂದಿನವರೆಗೂ ಬೀದಿಯಲ್ಲಿ ಪೋಸ್ಟ್‌ಮನ್ನನ ಸೈಕಲ್ ಗಂಟೆ ಕೇಳಿದರೆ, ಕೈಯಲ್ಲಿ ಹಿಟ್ಟು ಮೆತ್ತಿಕೊಂಡಿದ್ದರೂ ಸರಿ, ನಾನು ಏಳುವ ಮೊದಲು ಅವಳೇ ಎದ್ದು ಬಾಗಿಲಿಗೆ ಹೋಗುತ್ತಾಳೆ.